ಹಳೆ ಲ್ಯಾಪ್‌ಟಾಪಿಗೆ ಹೊಸ ಕಾರ್ಡು

ನಮ್ಮ ಕಡೆ ಯಾವುದಾದರೂ ಯಂತ್ರ ಕೆಟ್ಟರೆ ಜನ ಮೊದಲು ಅದರ ತಲೆಗೆ ಎರಡು ತಟ್ಟುತ್ತಾರೆ. ಸರಿಯಾಗದಿದ್ದರೆ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹೊಸದು ತರುತ್ತಾರೆ. ನಡುವೆ ಎಲ್ಲೋ ಒಂದು ಕಡೆ ಸ್ವಲ್ಪ ಯೋಚಿಸಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಬೆಳ್ತಂಗಡಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಕಲಿಸಿದ್ದು ಎಲ್ಲಿಗೆ ಹೋಯಿತು ಎಂದು ಈಗಲೂ ಹುಡುಕುತ್ತಿದ್ದೇನೆ.

ನಿವೃತ್ತಿಯ ನಂತರ ಸಿದ್ಧಕಟ್ಟೆಯ ಮನೆಗೆ ಬಂದು ಕೂತೆ. ನನ್ನ ಹೆಂಡತಿಯೂ ಶಿಕ್ಷಕಿಯೇ, ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ನಿವೃತ್ತಳಾದ ಮೊದಲ ವರ್ಷ ಅವಳು ಪ್ರತಿದಿನ ಒಂಬತ್ತು ಗಂಟೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಜಗಲಿಗೆ ಬಂದು ಕೂರುತ್ತಿದ್ದಳು. ಹೋಗಲು ಎಲ್ಲಿಯೂ ಇರಲಿಲ್ಲ. ಹತ್ತು ಗಂಟೆಗೆ ಎದ್ದು ಒಳಗೆ ಹೋಗಿ ಮನೆಯ ಸೀರೆ ಉಡುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಪೇಪರ್ ಓದುತ್ತಿದ್ದೆ.

ಆಮೇಲೆ ಅವಳಿಗೆ ಆನ್‌ಲೈನ್ ಕ್ಲಾಸು ಸಿಕ್ಕಿತು. ಗಲ್ಫಿನಲ್ಲಿರುವ ನಮ್ಮ ಕಡೆಯವರ ಐದು ಮಕ್ಕಳಿಗೆ ಶುಕ್ರವಾರ ಕನ್ನಡ ಅಕ್ಷರ ಕಲಿಸುವುದು. ಆ ಮಕ್ಕಳ ಅಮ್ಮಂದಿರ ಬಗ್ಗೆ ನನಗೆ ದೊಡ್ಡ ಗೌರವವೇನೂ ಇಲ್ಲ. ಮನೆಯಲ್ಲಿ ಮಕ್ಕಳ ಜೊತೆ ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷು, ಕನ್ನಡ ಮಾತ್ರ ವಾರಕ್ಕೆ ಒಂದು ಗಂಟೆ ಊರಿನಿಂದ ಪಾರ್ಸೆಲ್ ಬರಬೇಕು. ಆದರೂ ಶುಕ್ರವಾರ ಬಂತೆಂದರೆ ಇಸ್ತ್ರಿ ಸೀರೆಗೆ ಮತ್ತೆ ಕೆಲಸ. ಹನ್ನೊಂದೂವರೆಯ ಕ್ಲಾಸಿಗೆ ಅವಳು ಹತ್ತಕ್ಕೇ ತಯಾರು. ಹಳೆ ಮರದ ಹಲಗೆಯೊಂದಕ್ಕೆ ಕಪ್ಪು ಬಣ್ಣ ಬಳಿದು ಚಾವಡಿಯ ಗೋಡೆಗೆ ಒರಗಿಸಿ, ಅದರ ಮುಂದೆ ಹತ್ತು ವರ್ಷದ ಹಳೆ ಲ್ಯಾಪ್‌ಟಾಪನ್ನು ಎರಡು ನಿಘಂಟುಗಳ ಮೇಲೆ ಏರಿಸಿ ಇಡುತ್ತಿದ್ದಳು.

ಅಷ್ಟರಲ್ಲಿ ಒಂದು ಹಲ್ಲಿ ರೂಟರಿನೊಳಗೆ ಹೊಕ್ಕು ತಾನೂ ಸತ್ತು ರೂಟರನ್ನೂ ಸಾಯಿಸಿತು. ಕೇಬಲ್ ಕಂಪನಿಯ ಮನುಷ್ಯ ಹೊಸ ರೂಟರ್ ತಂದು, ಮೊದಲಿನ ಜಾಗದಲ್ಲಿಯೇ, ಉಗ್ರಾಣದ ಕೋಣೆಯ ಹಲಗೆಯ ಮೇಲೆ ಇಟ್ಟುಹೋದ. ಇಟ್ಟುಹೋದದ್ದು ಅಷ್ಟೇ. ಮೊದಲಿನದ್ದು ಯಾಕೆ ಸತ್ತಿತು ಎಂದು ಯೋಚಿಸುವ ಜಾತಿಯವನಲ್ಲ ಅವನು. ಯೋಚಿಸಿದವನು ನಾನು. ರಬ್ಬರ್ ಹಾಲು ಹೆಪ್ಪು ಹಾಕುವ ಅಲ್ಯುಮಿನಿಯಂ ಡಿಶ್‌ಗಳು, ಎಂದರೆ ಆಳವಾದ ತಟ್ಟೆಗಳು, ಉಗ್ರಾಣದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ರಬ್ಬರ್ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗಿನವನು ಕೆಲಸ ಬಿಟ್ಟುಹೋದ ಮೇಲೆ ಅವಕ್ಕೆ ಕೆಲಸವಿರಲಿಲ್ಲ. ಒಂದನ್ನು ತೊಳೆದು ರೂಟರಿನ ಮೇಲೆ ಕವುಚಿ ಹಾಕಿದೆ. ಆಂಟೆನಾ ಎರಡು ಉದ್ದಕ್ಕೆ ನಿಂತಿದ್ದವು, ಅವನ್ನು ಮಡಚಿ ಮಲಗಿಸಿದೆ. ವಯರು ಹೋಗಲು ಒಂದು ಬದಿಗೆ ಚೂರು ಸಂದು ಬಿಟ್ಟೆ. ಹಲ್ಲಿಯಲ್ಲ, ಇರುವೆಯೂ ಕಷ್ಟಪಡಬೇಕು.

ಮುಂದಿನ ಶುಕ್ರವಾರದಿಂದ ಕ್ಲಾಸು ನಿಂತು ನಿಂತು ನಡೆಯತೊಡಗಿತು. ಅವಳು ‘ಅ’ ಬರೆದರೆ ಮಕ್ಕಳಿಗೆ ಕಾಣುವಾಗ ಅವಳು ‘ಈ’ಗೆ ತಲುಪಿರುತ್ತಿದ್ದಳು. ಬಾಯಿ ತೆರೆದಲ್ಲಿಗೇ ಚಿತ್ರ ನಿಲ್ಲುತ್ತಿತ್ತು. ಮಕ್ಕಳು ನಗುತ್ತಿದ್ದವು. ತಿಂಗಳೊಳಗೆ ಇಬ್ಬರು ಬಿಟ್ಟರು. ಉಳಿದ ಮೂವರಲ್ಲಿ ಒಂದು ಮಗುವಿನ ಅಮ್ಮ ಎಲ್ಲರ ಪರವಾಗಿ ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿದಳು: “ಟೀಚರ್, ಬೇಜಾರ ಮಾಡ್ಬೇಡಿ. ಬರುವ ಶುಕ್ರವಾರವೂ ಹೀಗೇ ಆದ್ರೆ ನಾವು ಬೇರೆ ಕಡೆ ನೋಡ್ತೇವೆ.” ಹೆಂಡತಿ ಅದನ್ನು ಅಡುಗೆಮನೆಯಲ್ಲಿ ನಿಂತು ಮೂರು ಸಲ ಕೇಳಿದಳು. ನನಗೆ ಮೈಯೆಲ್ಲ ಉರಿಯಿತು.

ಕೇಬಲಿನವನನ್ನು ಕರೆಸಿದೆ. ಅವನು ಡಿಶ್ ಎತ್ತಿ ಬದಿಗಿಟ್ಟು, ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ವಯರು ಚುಚ್ಚಿ ನೋಡಿದ. ಸ್ಪೀಡು ಪೂರ್ತಿ ಉಂಟು.

“ಲೈನ್ ಪಕ್ಕಾ ಉಂಟು ಸರ್. ನಿಮ್ಮ ಲ್ಯಾಪ್‌ಟಾಪೇ ಹಳತು,” ಎಂದ. ಹೊರಡುವಾಗ ಡಿಶ್ಶನ್ನು ನೋಡಿ, “ಇದು ಎಂತಕ್ಕೆ ಸರ್?” ಎಂದು ಕೇಳಿದ.

“ಹಲ್ಲಿಗೆ.”

“ಒಳ್ಳೆ ಐಡಿಯ ಮಾರಾಯ್ರೆ!”

ಅವನ ಬಾಯಿಂದ ಬಂದ ಒಂದೇ ಬುದ್ಧಿಯ ಮಾತು ಎಂದುಕೊಂಡು ಡಿಶ್ಶನ್ನು ಮೊದಲಿನ ಹಾಗೆ ಕವುಚಿದೆ. ಹೆಂಡತಿ ಬಾಗಿಲಲ್ಲಿ ನಿಂತು, ಉದ್ದದ ವಯರೊಂದನ್ನು ಚಾವಡಿಯವರೆಗೆ ಎಳೆಯಬಹುದಲ್ಲ ಎಂದಳು. “ಇದೇನು ಮದುವೆಯ ಚಪ್ಪರವಾ, ಕಂಡಲ್ಲೆಲ್ಲ ವಯರು ಎಳೆಯಲಿಕ್ಕೆ?” ಎಂದೆ. ಅವಳು ಒಳಗೆ ಹೋದಳು.

ನನ್ನ ತರ್ಕ ನೇರ ಇತ್ತು. ವಯರಿನಲ್ಲಿ ಸ್ಪೀಡು ಉಂಟು, ಗಾಳಿಯಲ್ಲಿ ಇಲ್ಲ. ರೂಟರು ಹೊಸದು, ಲ್ಯಾಪ್‌ಟಾಪು ಹಳತು. ಹಾಗಾದರೆ ತಪ್ಪು ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡಿನದ್ದು. ಅದನ್ನು ಬದಲಿಸಿದರೆ ಆಯಿತು. ಇದನ್ನು ಒಂಬತ್ತನೇ ಕ್ಲಾಸಿನ ಮಗುವೂ ಹೇಳಬೇಕು.

ಮರುದಿನ ಬಂಟ್ವಾಳಕ್ಕೆ ಹೋಗಿ ಬಿ.ಸಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೊಕ್ಕೆ. ಅಂಗಡಿಯವನು ಲ್ಯಾಪ್‌ಟಾಪನ್ನು ತೆರೆಯಲೂ ಇಲ್ಲ. ಎರಡು ಬೆರಳಿನಿಂದ ಆಚೆ ಈಚೆ ತಿರುಗಿಸಿ ನೋಡಿ, “ಕಾರ್ಡ್ ಎಲ್ಲ ಯಾರೂ ಹಾಕಿಸುದಿಲ್ಲ ಈಗ. ಹೊಸ ಲ್ಯಾಪ್‌ಟಾಪ್ ತೋರಿಸುವುದಾ?” ಎಂದ. ಕೀಲಿಮಣೆಯ ಕೆಳಗೆ ಕಾರ್ಡು ಎಂಬ ವಸ್ತು ಇರುತ್ತದೆ ಎಂಬುದೇ ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಬೋರ್ಡಿನಲ್ಲಿ ಮಾತ್ರ ‘ಎಲ್ಲಾ ರೀತಿಯ ದುರಸ್ತಿ’ ಎಂದು ಆನೆಯಷ್ಟು ದೊಡ್ಡ ಅಕ್ಷರ. ಲ್ಯಾಪ್‌ಟಾಪನ್ನು ಕಿತ್ತುಕೊಂಡು ಬಂದೆ.

ಗುರುವಾರ ಮೂಡುಬಿದಿರೆಗೆ ಹೋದೆ. ಅಲ್ಲಿ ಒಂದು ರಿಪೇರಿ ಅಂಗಡಿ ಉಂಟೆಂದು ಯಾರೋ ಹೇಳಿದ್ದರು. ನಾನು ಒಳಗೆ ಕಾಲಿಟ್ಟದ್ದೇ ಅಂಗಡಿಯ ಯಜಮಾನ ಸ್ಟೂಲಿನಿಂದ ಎದ್ದು ನಿಂತ. ನಲವತ್ತರ ಹತ್ತಿರದ ಮನುಷ್ಯ, ತಲೆ ಅರ್ಧ ಬೋಳು. “ಸರ್, ನಾನು ನಿಮ್ಮ ವಿದ್ಯಾರ್ಥಿ,” ಎಂದ. ಮುಖ ನೋಡಿದ ಮೇಲೆ ನೆನಪಾಯಿತು. ಕೊನೆಯ ಬೆಂಚು. ನಾನು ಅವನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ಮಡ್ಡ ಎಂದೇ ಕರೆಯುತ್ತಿದ್ದೆ. ಇಡೀ ಕ್ಲಾಸು ಹಾಗೆಯೇ ಕರೆಯುತ್ತಿತ್ತು.

ಅವನು ಲ್ಯಾಪ್‌ಟಾಪಿನ ಬೆನ್ನಿನ ಸ್ಕ್ರೂ ಬಿಚ್ಚಿ ಒಳಗಿನ ಕಾರ್ಡನ್ನು ತೋರಿಸಿದ. ಅಂಚೆಚೀಟಿಯಷ್ಟು ದೊಡ್ಡದು. ಇದಕ್ಕೆ ಹೊಂದುವ ವೇಗದ ಕಾರ್ಡು ತನ್ನಲ್ಲಿ ಉಂಟು ಎಂದ. ಸಣ್ಣ ಪೊಟ್ಟಣ ಹುಡುಕುತ್ತಾ ಅವನಾಗಿಯೇ ಮಾತೆತ್ತಿದ.

“ನೀವು ಕ್ಲಾಸಿಗೆ ಟ್ರಾನ್ಸಿಸ್ಟರ್ ತಂದು ಹಾಡು ಇಟ್ಟು, ಅದನ್ನು ಅಲ್ಯುಮಿನಿಯಂ ಪಾತ್ರೆಯೊಳಗೆ ಇಟ್ಟು ಮುಚ್ಚಿದ್ದು ನೆನಪುಂಟಾ ಸರ್? ಹಾಡು ನಿಂತೇಹೋಯ್ತು. ನಾನು ಈ ಲೈನಿಗೆ ಬಂದದ್ದೇ ಅದನ್ನು ನೋಡಿ.”

ಮೂವತ್ತು ವರ್ಷದಲ್ಲಿ ಒಬ್ಬನಿಗಾದರೂ ಏನೋ ಹತ್ತಿತಲ್ಲ ಎಂದು ಖುಷಿಯಾಯಿತು. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ.

“ರೂಟರ್ ಎಲ್ಲಿ ಇಟ್ಟಿದ್ದೀರಿ ಸರ್?”

“ಮನೆಯೊಳಗೆ. ಮತ್ತೆಲ್ಲಿ, ದನದ ಹಟ್ಟಿಯಲ್ಲಿಯಾ?”

“ಹಾಗಲ್ಲ ಸರ್. ಕಪಾಟಿನ ಒಳಗೆ, ಅಥವಾ ಏನಾದರೂ ಮುಚ್ಚಿ…”

“ನನಗೆ ನೀನು ಪಾಠ ಮಾಡುವುದಾ ಈಗ?” ಎಂದೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅವನು ತಲೆ ತಗ್ಗಿಸಿ ಕಾರ್ಡನ್ನು ನನ್ನ ಕೈಗೆ ಕೊಟ್ಟ. ತಾನೇ ಹಾಕಿಕೊಡುತ್ತೇನೆ ಎಂದದ್ದಕ್ಕೂ ನಾನು ಒಪ್ಪಲಿಲ್ಲ. ಮಡ್ಡನ ಕೈಯಲ್ಲಿ ಮಾಡಿಸಿಕೊಳ್ಳುವಷ್ಟು ನನ್ನ ಗತಿ ಕೆಟ್ಟಿರಲಿಲ್ಲ.

ಆ ಮಧ್ಯಾಹ್ನ ಜಗಲಿಯ ಬೆಳಕಿನಲ್ಲಿ ಬಿಳಿ ಪಂಚೆ ಹಾಸಿ, ಕನ್ನಡಕದ ಮೇಲೆ ಕನ್ನಡಕ ಇಟ್ಟುಕೊಂಡು ಕೂತೆ. ಮೊದಲು ಬ್ಯಾಟರಿಯ ಸಂಪರ್ಕ ತೆಗೆದೆ. ಹಳೆ ಕಾರ್ಡಿಗೆ ಎರಡು ತೆಳು ವಯರುಗಳು, ಒಂದು ಕಪ್ಪು ಒಂದು ಬಿಳಿ, ಸಾಸಿವೆ ಕಾಳಿನಷ್ಟು ಗುಂಡಿಗಳಿಂದ ಅಂಟಿಕೊಂಡಿದ್ದವು. ಉಗುರಿನಿಂದ ಎತ್ತಿದೆ. ಒಂದೇ ಸ್ಕ್ರೂ, ಅದನ್ನು ಬಿಚ್ಚಿದ್ದೇ ಕಾರ್ಡು ತಾನಾಗಿ ಮೇಲೆ ನೆಗೆಯಿತು. ಹೊಸದನ್ನು ಓರೆಯಾಗಿ ತೂರಿಸಿ, ಒತ್ತಿ, ಸ್ಕ್ರೂ ಬಿಗಿದು, ವಯರಿನ ಗುಂಡಿಗಳನ್ನು ಟಿಕ್ ಎಂದು ಕೂರಿಸಿದೆ. ಕೈ ಒಂದು ಚೂರೂ ನಡುಗಲಿಲ್ಲ. ಬಿ.ಸಿ. ರೋಡಿನ ಆ ಶುಂಠಿಯನ್ನು ತಂದು ಎದುರು ಕೂರಿಸಿ ತೋರಿಸಬೇಕು ಅನ್ನಿಸಿತು. ಹೆಂಡತಿ ಚಾ ತಂದು ಪಕ್ಕದಲ್ಲಿಟ್ಟಳು. “ನಾಳೆ ಕ್ಲಾಸು ಸರಿ ಹೋಗ್ತದಾ?” ಎಂದು ಕೇಳಿದಳು. “ಓಡ್ತದೆ,” ಎಂದೆ.

ಓಡಲಿಲ್ಲ. ಲ್ಯಾಪ್‌ಟಾಪು ಹೊಸ ಕಾರ್ಡನ್ನು ಗುರುತಿಸಿತು, ರೂಟರನ್ನೂ ಕಂಡುಹಿಡಿಯಿತು. ಆದರೆ ಸ್ಪೀಡಿನ ಮುಳ್ಳು ಮೊದಲಿದ್ದ ಕಡೆಯೇ ಮುದಿ ಎತ್ತಿನ ಹಾಗೆ ಮಲಗಿತ್ತು. ಮೂರು ಸಲ ನೋಡಿದೆ. ಆಮೇಲೆ ಮೂಡುಬಿದಿರೆಗೆ ಫೋನು ಮಾಡಿ ಬೈದೆ. ಕಸವನ್ನು ಕಾರ್ಡೆಂದು ಕೊಟ್ಟಿದ್ದೀ, ಹಳೆ ಮೇಷ್ಟ್ರೆಂದು ನೋಡಿ ಟೋಪಿ ಹಾಕಿದ್ದೀ ಎಂದೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೇನೆ ಸರ್,” ಎಂದ ಅಷ್ಟೇ.

ಶುಕ್ರವಾರ ಹತ್ತೂವರೆಗೆ ಬೈಕಿನಲ್ಲಿ ಬಂದ. ಹೆಂಡತಿ ಆಗಲೇ ಸೀರೆ ಉಟ್ಟು, ಹಲಗೆ ಒರೆಸಿ, ನಿಘಂಟುಗಳನ್ನು ಜೋಡಿಸಿ ಕೂತಿದ್ದಳು. ಅವನು ಲ್ಯಾಪ್‌ಟಾಪಿನ ಬೆನ್ನು ತೆರೆದು ನೋಡಿ, “ತುಂಬ ನೀಟಾಗಿ ಹಾಕಿದ್ದೀರಿ ಸರ್,” ಎಂದ. ಆಮೇಲೆ ರೂಟರ್ ನೋಡಬಹುದಾ ಎಂದು ಕೇಳಿದ. ಉಗ್ರಾಣಕ್ಕೆ ಕರೆದುಕೊಂಡು ಹೋದೆ.

ಅವನು ರೂಟರಿದ್ದ ಹಲಗೆಯ ಎದುರು ನಿಂತ. ಡಿಶ್ಶನ್ನು ನೋಡಿದ. ಕೈ ಎರಡನ್ನೂ ಹಿಂದೆ ಕಟ್ಟಿಕೊಂಡ, ಕ್ಲಾಸಿನಲ್ಲಿ ಪ್ರಶ್ನೆ ಕೇಳಿದಾಗ ನಿಲ್ಲುತ್ತಿದ್ದ ಹಾಗೆಯೇ. ಉತ್ತರ ಗೊತ್ತಿದ್ದೂ ಹೇಳಿದರೆ ಏನಾಗುವುದೋ ಎಂದು ಹೆದರುವ ಮುಖ. ಆ ಮುಖವನ್ನು ನಾನು ಐದಾರು ಸಾವಿರ ಸಲ ನೋಡಿರಬೇಕು. ಉತ್ತರ ಗೊತ್ತಿಲ್ಲದವರ ಮುಖವೆಂದೇ ತಿಳಿದಿದ್ದೆ.

“ಸರ್, ಇದನ್ನು ಸ್ವಲ್ಪ ತೆಗೆಯಬಹುದಾ?” ಎಂದು ಕೊನೆಗೆ ಕೇಳಿದ. ನೀರು ಕುಡಿಯಲು ಹೋಗಬಹುದಾ ಎಂದು ಕೇಳುವ ದನಿಯಲ್ಲಿ.

ಆಗ ನನಗೆ ಕಂಡಿತು. ಪ್ರತಿವರ್ಷ ಅದೇ ಪಾತ್ರೆ, ಅದೇ ಟ್ರಾನ್ಸಿಸ್ಟರು, ಮುಚ್ಚಿದ ಕೂಡಲೇ ನಿಲ್ಲುವ ಹಾಡು. ಲೋಹ ರೇಡಿಯೊ ಅಲೆಗಳನ್ನು ತಡೆಯುತ್ತದೆ ಎಂದು ಬೋರ್ಡಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದವನು ನಾನೇ. ಡಿಶ್ಶನ್ನು ನಾನೇ ಎತ್ತಿದೆ. ಅವನು ಆಂಟೆನಾ ಎರಡನ್ನೂ ಮೆಲ್ಲನೆ ನೆಟ್ಟಗೆ ನಿಲ್ಲಿಸಿದ. ಚಾ ಕುಡಿದು ಹೋಗು ಎಂದರೆ, ಅಂಗಡಿ ತೆರೆಯಬೇಕು ಸರ್ ಎಂದು ಹೊರಟೇಬಿಟ್ಟ. ಆಡಬೇಕಾಗಿದ್ದ ಕ್ಷಮೆಯ ಮಾತು ನನ್ನ ಬಾಯಲ್ಲೇ ಉಳಿಯಿತು.

ಕ್ಲಾಸು ನಡೆಯಿತು. ಮೂರು ಮಕ್ಕಳ ಮುಖ ನೀರಿನ ಹಾಗೆ ಸ್ಪಷ್ಟ. ಒಂದು ಮಗು, “ಟೀಚರ್, ನಿಮ್ಮ ಕಿವಿಯೋಲೆ ಕಾಣ್ತದೆ,” ಎಂದು ಕೂಗಿತು. ಅವಳು ನಕ್ಕ ಸದ್ದು ಉಗ್ರಾಣದವರೆಗೆ ಕೇಳಿತು. ನಾನು ಅಲ್ಲಿಯೇ ಡಿಶ್ ಹಿಡಿದುಕೊಂಡು ನಿಂತಿದ್ದೆ.

ಮುಗಿದ ಮೇಲೆ ಅವಳು ಹಲಗೆ ಒರೆಸುತ್ತಿದ್ದಾಗ ಹೋಗಿ, “ಆ ಡಿಶ್ಶಿನಿಂದಲೇ ಹೀಗಾದದ್ದು,” ಎಂದೆ. ಹೇಳಲು ಕಷ್ಟವಾಯಿತು.

“ಹೌದಾ,” ಎಂದಳು. ಆಶ್ಚರ್ಯಪಡಲಿಲ್ಲ.

“ನಿನಗೆ ಗೊತ್ತಿತ್ತಾ?”

“ಗೊತ್ತು ಅಂತಲ್ಲ. ಡಿಶ್ ಇಟ್ಟ ವಾರವೇ ಶುರುವಾಯ್ತಲ್ಲ, ಹಾಗೆ ಅನುಮಾನ ಬಂತು. ನಾನು ಕೇಳಿದ್ದೆ ನಿಮ್ಮಲ್ಲಿ.”

“ಯಾವಾಗ? ನಾನೇನು ಹೇಳಿದೆ?”

“ಅಕ್ಷರ ತಿದ್ದಿಸುವವರು ಅಕ್ಷರ ತಿದ್ದಿಸಿದರೆ ಸಾಕು, ತಲೆಗೆ ಹತ್ತದ ವಿಷಯಕ್ಕೆ ಬರಬಾರದು ಅಂದಿರಿ.”

ನನಗೆ ನೆನಪೇ ಇರಲಿಲ್ಲ. ಅವಳಿಗೆ ಒಂದು ಅಕ್ಷರ ಬಿಡದೆ ನೆನಪಿತ್ತು.

“ಮತ್ತೊಮ್ಮೆ ಹೇಳಬಹುದಿತ್ತಲ್ಲ. ಇಬ್ಬರು ಮಕ್ಕಳು ಬಿಟ್ಟೇಹೋದರು. ಇವತ್ತು ಉಳಿದವರೂ ಹೋಗ್ತಿದ್ದರು.”

ಅವಳು ಒದ್ದೆ ಬಟ್ಟೆಯನ್ನು ಹಿಂಡಿ, ಹಲಗೆಯಲ್ಲಿ ಉಳಿದಿದ್ದ ಕೊನೆಯ ಅಕ್ಷರವನ್ನೂ ಒರೆಸಿದಳು.

“ಹೋದರೆ ಹೋಗಲಿ ಅಂತ ಮಾಡಿದ್ದೆ,” ಎಂದಳು. “ಮತ್ತೊಮ್ಮೆ ಹಾಗೆ ಹೇಳಿಸಿಕೊಳ್ಳುವುದಕ್ಕಿಂತ ಅದೇ ಸುಲಭ ಅಂತ ಕಂಡಿತು.”