ಗುಡ್ಡದ ತಿರುವಿಗೆ ತಕ್ಕ ಗಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಕಳದ ಬಳಿಯ ನಿಟ್ಟೆಯ ಆಚೆಗಿನ ಕೆಂಪು ಮುರಕಲ್ಲಿನ ಗುಡ್ಡದ ಏರಿನಲ್ಲಿ ಜೋಸ್ಲಿನ್ ಪಿಕಪ್ ನಿಲ್ಲಿಸಿ ಇಳಿಯುತ್ತಾರೆ. ನಿನ್ನೆಯ ಮಳೆ ಕೊರೆದ ಕೊರಕಲನ್ನು ಚಪ್ಪಲಿಯ ತುದಿಯಿಂದ ಮುಟ್ಟಿ ನೋಡುತ್ತಾರೆ. ಮತ್ತೆ ಹತ್ತಿ, ನಾಲ್ಕೂ ಚಕ್ರ ಎಳೆಯುವಂತೆ ‘ಫೋರ್ ವೀಲ್’ಗೆ ಹಾಕಿ ನಿಧಾನವಾಗಿ ಏರಿಸುತ್ತಾರೆ. ಮೇಲಿನ ಮನೆಗಳ ಅಂಗಳದಲ್ಲಿ ಹಾಲಿನ ಕ್ಯಾನುಗಳು ಕಾಯುತ್ತಿವೆ.

ಈ ಹಾಲನ್ನು ಡೇರಿಗೆ ಮುಟ್ಟಿಸುವುದು, ಬರುವಾಗ ಹಿಂಡಿ, ಅಕ್ಕಿ, ಗ್ಯಾಸ್ ತರುವುದು ಅವರ ಕೆಲಸ. ಮೊದಲು ಗಂಡ ಎಡ್ಮಂಡ್ ಮಾಡುತ್ತಿದ್ದರು. ಮೂರು ವರ್ಷದ ಹಿಂದೆ, ಮಳೆಗಾಲದಲ್ಲಿ, ಹಳೆಯ ಪಿಕಪ್ ಹಿಂದಕ್ಕೆ ಜಾರಿ ಮಗುಚಿ ಅವರ ಕಾಲು ಮುರಿಯಿತು. ಹಾಲು ಗುಡ್ಡದ ಮೇಲೆಯೇ ಉಳಿಯತೊಡಗಿತು. ದನ ಮಾರುವ ಮಾತು ಎದ್ದಿತು. ಆಗ ಜೋಸ್ಲಿನ್, “ನಾನು ಓಡಿಸ್ತೇನೆ” ಎಂದರು.

ಹಳೆಯದರ ಬದಲಿಗೆ ಯಾವ ಗಾಡಿ ಎಂಬುದೇ ಮನೆಯಲ್ಲಿ ಚರ್ಚೆ. “ದೊಡ್ಡದೇ ತೆಗೆಯುವ, ಒಂದೇ ಸಲಕ್ಕೆ ಎಲ್ಲ ಬರ್ತದೆ” ಎಂದರು ಎಡ್ಮಂಡ್. ಜೋಸ್ಲಿನ್ ಶೋರೂಮಿನವರನ್ನು ಒಪ್ಪಿಸಿ ಎರಡು ಗಾಡಿಗಳನ್ನು ಗುಡ್ಡಕ್ಕೇ ತರಿಸಿದರು. ದೊಡ್ಡದು ಏರು ಹತ್ತಿತು, ಆದರೆ ಅಕ್ಕು ಎಂಬ ಹಿರಿಯ ಮಹಿಳೆಯ ಮನೆಯ ತಿರುವಿನಲ್ಲಿ ಕಲ್ಲುಗೋಡೆಗಳ ನಡುವೆ ಸಿಕ್ಕಿಕೊಂಡಿತು. ಮೊಣಗಂಟಿನ ನೋವಿನ ಅಕ್ಕು ಜೋಸ್ಲಿನ್ ಕಡೆ ತಿರುಗಿ, “ಬಾಯಮ್ಮ, ಇದಕ್ಕೆ ಹತ್ತಲಿಕ್ಕೆ ನನಗೆ ಏಣಿ ಬೇಕು” ಎಂದು ನಕ್ಕರಂತೆ. ಹಿಂದೆಯೂ ಸೀಟಿರುವ ಮಧ್ಯಮ ಗಾತ್ರದ್ದು ಸಲೀಸಾಗಿ ತಿರುಗಿತು. ಅಕ್ಕು ಅದರಲ್ಲಿ ಕೂತೂ ನೋಡಿದರು. ಜೋಸ್ಲಿನ್ ಅದನ್ನೇ ತೆಗೆದುಕೊಂಡರು.

“ಸಾಮಾನು ಸ್ವಲ್ಪ ಕಡಿಮೆ ಹಿಡೀತದೆ. ಆದರೆ ಹಾಲು ಮಾತ್ರ ಇಳಿಸಿದರೆ ಸಾಕಾ? ಜನರನ್ನೂ ಇಳಿಸ್ಲಿಕ್ಕೆ ಉಂಟು, ಅಲ್ವಾ?” ಎನ್ನುತ್ತಾರೆ ಜೋಸ್ಲಿನ್.

ಕಳೆದ ಜುಲೈಯಲ್ಲಿ ಅಕ್ಕು ಅವರ ಸೊಸೆ ಚೈತಾಲಿಗೆ ನಡು ಮಧ್ಯಾಹ್ನ ಹೆರಿಗೆ ನೋವು. ದಾರಿಗೆ ಅಡ್ಡವಾಗಿ ಹರಿಯುವ ತೋಡು, ಆ ಸಣ್ಣ ಹಳ್ಳ, ಮಳೆಗೆ ತುಂಬಿತ್ತು. ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಿತು. ಜೋಸ್ಲಿನ್ ಅತ್ತೆ ಸೊಸೆ ಇಬ್ಬರನ್ನೂ ಪಿಕಪ್ಪಿನ ಹಿಂದಿನ ಸೀಟಿಗೆ ಹತ್ತಿಸಿ ತೋಡಿನ ಬಳಿ ತಂದರು. ಎಡ್ಮಂಡ್ ಅಂಚಿನಲ್ಲಿ ನಿಂತು ಊರುಗೋಲನ್ನು ನೀರಿಗಿಳಿಸಿ ಆಳ ನೋಡಿದರು. “ಬಲಕ್ಕೆ ಹಿಡಿ, ಅಲ್ಲಿ ಅಡಿಯಲ್ಲಿ ಪಾದೆಕಲ್ಲು ಉಂಟು, ಚಕ್ರ ಹೂತುಹೋಗುವುದಿಲ್ಲ!” ಎಂದು ಕೂಗಿದರು.

“ಹಿಂದೆ ಚೈತಾಲಿ ಕಿರುಚುವುದು, ಅಕ್ಕು ದೇವರನ್ನು ಕರೆಯುವುದು. ನಾನು ಎಕ್ಸಿಲರೇಟರಿನಿಂದ ಕಾಲು ತೆಗೀಲೇ ಇಲ್ಲ” ಎಂದು ನೆನೆಯುತ್ತಾರೆ ಜೋಸ್ಲಿನ್. ಗಾಡಿ ತೋಡು ದಾಟಿತು. ಕಾರ್ಕಳದ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು.

ಗುಡ್ಡದಲ್ಲಿ ಯಾರೂ ದನ ಮಾರಲಿಲ್ಲ. ಚೈತಾಲಿ ಈಗ ಜೋಸ್ಲಿನ್ ಬಳಿ ಡ್ರೈವಿಂಗ್ ಕಲಿಯುತ್ತಿದ್ದಾರೆ.

“ಅವಳು ಗಾಡಿ ಚಂದ ಬಿಡ್ತಾಳೆ” ಎನ್ನುತ್ತಾರೆ ಜೋಸ್ಲಿನ್. “ಇಷ್ಟು ಸಮಯ ನಾನು ರಸ್ತೆ ಮಾತ್ರ ನೋಡಿದ್ದು ಮಾರಾಯ್ರೆ. ಇನ್ನು ಒಂದು ದಿನ ಅವಳು ಬಿಡುವಾಗ ಹಿಂದಿನ ಸೀಟಲ್ಲಿ ಕೂತು, ಗ್ಲಾಸ್ ಇಳಿಸಿ, ನಮ್ಮ ಗುಡ್ಡ ನೋಡ್ಬೇಕು.”