ಮಾಕುಟ್ಟದಲ್ಲಿ ಐದು ‘ವಾಯಾ’

೧೧ ಜನವರಿ ೧೯೫೪, ಬೆಳಿಗ್ಗೆ ೯.೨೦. ಕೊಡಗಿನ ಗಡಿಯ ಮಾಕುಟ್ಟದ ತಪಾಸಣೆ ಗೇಟಿನಲ್ಲಿ ನಮ್ಮ ಕಣ್ಣೂರು ಬಸ್ಸನ್ನು ತಡೆದರು. ಸ್ಪೇನಿನ ಪಾದ್ರಿಯೊಬ್ಬರಿಗೆ ಪೆಟ್ಟಿಗೆ ತೆರೆಯಲು ಮಲಯಾಳಿ ಗಾರ್ಡ್ ಹೇಳಿದ. ಅವರಿಗೆ ಸಂಜೆಯ ರೈಲು ಹಿಡಿಯಬೇಕಿತ್ತು, ಬೇರೆ ಬಸ್ಸಿರಲಿಲ್ಲ. ಜೇಬು ತಡಕಿದರು, ಬೀಗದ ಕೈ ಸಿಗಲಿಲ್ಲ.

“ವಾಯಾ!”

ಒಂದೊಂದು ಜೇಬಿಗೂ ಅದೇ ಸ್ಪ್ಯಾನಿಷ್ ಉದ್ಗಾರ. ನಾಲ್ಕನೆಯದಕ್ಕೆ ಗಾರ್ಡ್ ಸಿಡಿದ. ಮಲಯಾಳದಲ್ಲಿ ‘ವಯ್ಯ’ ಎಂದರೆ ‘ನನ್ನಿಂದಾಗದು’.

“ತೆಗೀರಿ ಅಂದ್ರೆ ವಯ್ಯ ಅಂತಾರೆ! ಇವ್ರನ್ನ ಇಳಿಸಿ, ಬಸ್ಸು ಹೋಗ್ಲಿ.”

“ಅವ್ರಿಗೆ ಮಲಯಾಳ ನಿಮ್ಮಜ್ಜಿ ಕಲ್ಸಿದ್ರಾ ಏಟ್ಟಾ?” ಎಂದ ಡ್ರೈವರ್, ಗಾರ್ಡನ್ನು ಮಲಯಾಳದಲ್ಲಿ ‘ಅಣ್ಣಾ’ ಎಂದು ಕರೆದು.

ಪೆಟ್ಟಿಗೆ ಆಗಲೇ ರಸ್ತೆಗಿಳಿದಿತ್ತು. ಪಾದ್ರಿ ಬೆವರೊರೆಸಲು ಟೋಪಿ ತೆಗೆದರು. ಒಳಗಿಂದ ಬೀಗದ ಕೈ ಬಿತ್ತು.

“ವಾಯಾ!” ಎಂದರು ಐದನೆಯ ಸಲ, ಈ ಬಾರಿ ನಗುತ್ತ.

ಗಾರ್ಡ್ ಹಣೆ ಚಚ್ಚಿಕೊಂಡ. “ಕೀ ಸಿಕ್ಕಿದ್ಮೇಲೂ ವಯ್ಯನಾ!”

ಬೇಸರಕ್ಕೂ ಬೆರಗಿಗೂ ಸ್ಪೇನಿನವರಿಗೆ ಇದೊಂದೇ ಪದವೇ? ಬಲ್ಲವರು ಬರೆದು ತಿಳಿಸಬೇಕು.