ನೋವಿಗೆ ಎರಡು ಅಂಕ

ಕಟ್ಟುಹಲ್ಲು ತಯಾರಿಸುವ ಆ ಕಾರ್ಯಾಗಾರಕ್ಕೆ ಯಾವ ದಂತವೈದ್ಯರು ಬಂದರೂ ಯಜಮಾನರು ಅವರನ್ನು ಮೊದಲು ಕಿಟಕಿ ಪಕ್ಕದ ಮೇಜಿಗೇ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ನಲವತ್ತಮೂರು ವರ್ಷದ ಹೆಂಗಸೊಬ್ಬಳು ಸ್ಪಿರಿಟ್ ದೀಪಕ್ಕೆ ಹಿಡಿದು ಕಾಯಿಸಿದ ಪುಟ್ಟ ಚಾಕುವಿನಿಂದ ಗುಲಾಬಿ ಬಣ್ಣದ ಮೇಣವನ್ನು ತೀಡಿ, ಒಂದೊಂದೇ ಹಲ್ಲನ್ನು ಅದರೊಳಗೆ ಕೂರಿಸುತ್ತಿದ್ದಳು. ಹದಿನಾರು ಬಗೆಯ ಬಿಳುಪಿನಲ್ಲಿ ಯಾವುದು ಯಾರ ಬಾಯಿಗೆ ಒಪ್ಪುತ್ತದೆಂದು ಅವಳ ಕಣ್ಣಿಗೆ ತಕ್ಷಣ ತಿಳಿಯುತ್ತಿತ್ತು.

"ನೋಡಿ ಸಾರ್, ಇವರು ಬೆಳಗ್ಗೆ ಕೂತ್ರೆ ಸಂಜೆವರೆಗೂ ಅಲ್ಲಾಡಲ್ಲ. ಊಟ ಬೇಡ, ನೀರು ಬೇಡ, ಏನೂ ಬೇಡ. ಎಲ್ಲರೂ ಹೀಗಿದ್ದಿದ್ರೆ ನಾನು ಇನ್ನೊಂದು ಮಹಡಿ ಎಬ್ಬಿಸ್ತಿದ್ದೆ," ಎಂದು ಯಜಮಾನರು ಹೇಳುತ್ತಿದ್ದರು. ಹೇಳುತ್ತಲೇ ಓರೆಗಣ್ಣಿನಿಂದ ಪಾಲಿಶ್ ಯಂತ್ರದ ಹೆಂಗಸಿನ ಕಡೆ ನೋಡುತ್ತಿದ್ದರು. ಎರಡು ಮಕ್ಕಳ ತಾಯಿಯಾದ ಅವಳು ದಿನಕ್ಕೆ ಮೂರು ಸಲ ಶೌಚಾಲಯಕ್ಕೆ ಹೋಗುತ್ತಾಳೆಂಬುದು ಅವರ ತಕರಾರು.

ಇಪ್ಪತ್ತೊಂದು ವರ್ಷ ಇದೇ ಹೊಗಳಿಕೆ ಕೇಳಿ ಇವಳೂ ಅದನ್ನು ತನ್ನ ಗುಣವೆಂದೇ ನಂಬಿದ್ದಳು. ಮನೆಯಲ್ಲಿ ಮಾತ್ರ ಚಿಕ್ಕಂದಿನಿಂದ ಅದಕ್ಕೆ ಬೇರೆ ಹೆಸರಿತ್ತು. ಆಟದಲ್ಲೋ ಬಣ್ಣದ ಗುಂಡಿಗಳನ್ನು ಜೋಡಿಸುವುದರಲ್ಲೋ ಮುಳುಗಿದರೆ ಕರೆದರೂ ಏಳುತ್ತಿರಲಿಲ್ಲವಾದ್ದರಿಂದ ಅಮ್ಮ ಅವಳನ್ನು 'ಕಲ್ಲುಗುಂಡು' ಎನ್ನುತ್ತಿದ್ದರು. "ಬಿಡಿ, ಹಸಿವಾದ್ರೆ ತಾನಾಗೇ ಬರ್ತಾಳೆ," ಎಂದು ತಟ್ಟೆ ಮುಚ್ಚಿಡುತ್ತಿದ್ದರು. ಅವಳು ಬರುತ್ತಿರಲಿಲ್ಲ. ಹಸಿವಾದಾಗ ಹೊಟ್ಟೆ ತಾಳ ಹಾಕುತ್ತದೆಂದು ಯಾರೋ ಹೇಳಿದ್ದಕ್ಕೆ ಒಂದು ದಿನವೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಿವಿಗೊಟ್ಟು ಕೂತಿದ್ದಳು. ತಾಳವೂ ಇಲ್ಲ, ಮೇಳವೂ ಇಲ್ಲ. ಮರುದಿನ ಶಾಲೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಮೇಷ್ಟ್ರು ಅದನ್ನು ನಾಟಕ ಎಂದರು. ಮನೆಯಲ್ಲಿ ಹಟಮಾರಿತನ ಎಂದರು. ಏನಾಯಿತು ಮಗಳೇ ಎಂದು ಒಬ್ಬರಾದರೂ ಕೇಳಬೇಡವೇ?

ಈಗ ಅವಳು ಅಣ್ಣ ಅತ್ತಿಗೆಯ ಜೊತೆಗಿದ್ದಳು. ಅತ್ತಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ಮಾತಿನಲ್ಲಿ ಯಾರಿಗೂ ಸೊಪ್ಪು ಹಾಕದವಳು. ಒಂದು ಸೋಮವಾರ ಬೆಳಗ್ಗೆ ನಾದಿನಿಯ ಕೈ ತಾಗಿದಾಗ ಆಕೆ ಹೌಹಾರಿದಳು.

"ಏನೇ ಇದು, ಮೈ ಕೆಂಡದ ಹಾಗೆ ಸುಡ್ತಿದೆ! ಜ್ವರ ಎಷ್ಟು ದಿನದಿಂದ?"

"ಜ್ವರಾನಾ? ಬೆಳಕು ಯಾಕೋ ಕಣ್ಣಿಗೆ ಚುಚ್ತಿದೆ ಅಂದ್ಕೊಂಡೆ ಅಷ್ಟೆ."

ಅತ್ತಿಗೆ ಕೆಲಸಕ್ಕೆ ರಜೆ ಹೇಳಿ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ವೈದ್ಯ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ: "ನೋವು ಒಂದರಿಂದ ಹತ್ತರೊಳಗೆ ಎಷ್ಟು?"

ಅವಳು ಯಾವ ಪ್ರಶ್ನೆಗೂ ಪ್ರಾಮಾಣಿಕವಾಗಿ ಉತ್ತರಿಸುವವಳು. ಸೊಂಟದ ಹತ್ತಿರ ಏನೋ ಇದೆ ಅನ್ನಿಸುತ್ತಿತ್ತು. ಅದು ನೋವೋ, ಬಿಗಿತವೋ, ಕೂತು ಕೂತು ಬಂದ ಬೇಸರವೋ ಗೊತ್ತಾಗಲಿಲ್ಲ. ಹತ್ತು ಎಂದರೆ ಎಷ್ಟು ಎಂಬುದೂ ಗೊತ್ತಿರಲಿಲ್ಲ. ಬಹಳ ಹೊತ್ತು ಯೋಚಿಸಿ, "ಎರಡು ಇರಬಹುದು," ಎಂದಳು.

"ಎರಡಕ್ಕೆಲ್ಲ ಇಲ್ಲಿಗೆ ಯಾಕೆ ಬಂದ್ರಿ?" ಎಂದ ವೈದ್ಯ ಜ್ವರ ಅಳೆದೂ ನೋಡದೆ ನೋವಿನ ಮಾತ್ರೆ ಬರೆದು ಕಳಿಸಿದ. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಸಂಖ್ಯೆ ಕೂಗಿಯಾಗಿತ್ತು.

ಬುಧವಾರ ಅವಳು ಬಚ್ಚಲಲ್ಲಿ ಕುಸಿದುಬಿದ್ದಳು. ವರ್ಷಗಟ್ಟಲೆ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂತ ಮೈ ಅದು. ಸೋಂಕು ಮೂತ್ರಪಿಂಡ ದಾಟಿ ರಕ್ತಕ್ಕೆ ಇಳಿದಿತ್ತು. ಹನ್ನೊಂದು ದಿನ ಹಾಸಿಗೆ ಹಿಡಿದಳು. ವಾರ್ಡಿನ ಹಿರಿಯ ವೈದ್ಯೆ ಒಂದು ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಕೂತು, ಅವಳ ಜೀವಮಾನದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಹಸಿವಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಅವಳು ಪೆಚ್ಚಾಗಿ ನೋಡಿದಳು. "ಗೊತ್ತಾಗಲ್ಲ ಮೇಡಂ. ಬೇರೆಯವರಿಗೆ ಗೊತ್ತಾಗುತ್ತಾ?"

ಆ ವೈದ್ಯೆ ಸೂಚಿಸಿದಂತೆ, ಕೆಲಸಕ್ಕೆ ಮರಳಿದ ಮೇಲೆ ಕೆಲವು ತಿಂಗಳು ಇನ್ನೊಬ್ಬ ತಜ್ಞರ ಬಳಿ ಓಡಾಟ, ಪರೀಕ್ಷೆ. ಕೊನೆಗೆ ಅವಳಿಗೆ ಆಟಿಸಂ ಇದೆಯೆಂದು ತಿಳಿಯಿತು. ಹಸಿವು, ಬಾಯಾರಿಕೆ, ಜ್ವರ, ನೋವು, ಒಳಗಿನಿಂದ ಬರುವ ಇಂಥ ಸುದ್ದಿಗಳು ಆಟಿಸಂ ಇರುವ ಎಷ್ಟೋ ಜನರಿಗೆ ತಡವಾಗಿಯೋ, ಮಸುಕಾಗಿಯೋ ತಲುಪುತ್ತವೆ, ಒಂದೆಡೆ ಗಮನ ನಿಲ್ಲದ ಎಡಿಎಚ್‌ಡಿ ಇರುವವರಲ್ಲೂ ಹೀಗಾಗುವುದುಂಟು ಎಂದು ಆ ತಜ್ಞರು ವಿವರಿಸಿದರು. ನೀವು ಹಟಮಾರಿ ಆಗಿರಲಿಲ್ಲ ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳಿಗೆ ಅಳು ಬರುತ್ತದೆಂದು ಅತ್ತಿಗೆ ಕರವಸ್ತ್ರ ತೆಗೆದಿಟ್ಟುಕೊಂಡಿದ್ದಳು. ಅಳು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಈ ಸಲ ಅದು ಜ್ವರವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತಿಗೆ ನಾದಿನಿ ಸೇರಿ ಮೊದಲ ವೈದ್ಯನ ಮೇಲೆ ದೂರು ಬರೆದರು. ಮೂರು ವಾರದ ಮೇಲೆ ನಾಲ್ಕು ಸಾಲಿನ ಉತ್ತರ ಬಂತು: ರೋಗಿಯೇ ನೋವನ್ನು ಎರಡು ಎಂದು ಹೇಳಿರುವುದರಿಂದ ಆಸ್ಪತ್ರೆಯ ಕಡೆಯಿಂದ ಲೋಪವಾಗಿಲ್ಲ.

"ಥರ್ಮಾಮೀಟರ್ ಏನು ಬಾಗಿಲಿಗೆ ತೋರಣ ಕಟ್ಟೋಕೆ ಇಟ್ಕೊಂಡಿದ್ರಂತಾ?" ಎಂದು ಅತ್ತಿಗೆ ಹಲ್ಲು ಕಡಿದಳು. ಇನ್ನೂ ಮೇಲಿನವರಿಗೆ ಮತ್ತೊಂದು ದೂರು ಹೋಯಿತು. ಅದಕ್ಕೆ ಇಂದಿಗೂ ಉತ್ತರವಿಲ್ಲ.

ಈ ನಡುವೆ ಅವಳು ತನ್ನ ಮೈಯನ್ನು ಹೊಸ ಕೆಲಸ ಕಲಿಯುವಂತೆ ಕಲಿಯತೊಡಗಿದಳು. ಹದಿನಾರು ಬಿಳುಪೂ ಒಂದೇ ಥರ ಕಂಡರೆ ಅವಳು ತಿಂದು ಬಹಳ ಹೊತ್ತಾಗಿದೆ ಎಂದರ್ಥ. ಪಾಲಿಶ್ ಯಂತ್ರದ ಸದ್ದಿಗೆ ಯಾರನ್ನಾದರೂ ಹೊಡೆಯಬೇಕೆನಿಸಿದರೆ ನೀರು ಬೇಕು. ಎಡಗಾಲು ತಾನಾಗಿ ಕುಣಿಯತೊಡಗಿದರೆ ಶೌಚಾಲಯಕ್ಕೆ ಏಳಬೇಕು. ಇವೂ ಕೈಕೊಡುತ್ತಿದ್ದವು. ಅದಕ್ಕೇ ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಗಂಟೆ ಹೊಡೆಯುವಂತೆ ಮಾಡಿಕೊಂಡಳು.

ಗಂಟೆ ಶುರುವಾದ ಮೂರನೆಯ ದಿನ ಯಜಮಾನರು ಎಲ್ಲರೆದುರು ಬಂದು ನಿಂತರು. "ಇದೇನಮ್ಮ, ಸ್ಕೂಲ್ ಗಂಟೆ ಥರ? ಹೊಟ್ಟೆ ಹಸಿಯೋದು ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ. ನಿಮ್ಮನ್ನ ನೋಡಿ ಕಲೀರಿ ಅಂತ ಇವರಿಗೆಲ್ಲ ಹೇಳ್ತಿದ್ದೆ. ನನ್ನ ಮಾನ ಕಳೀತಿದ್ದೀರಲ್ಲ!"

ಅವಳು ಚಾಕುವನ್ನು ಕೆಳಗಿಟ್ಟಳು. ದೀಪ ಆರಿಸಿದಳು. ಪಾಲಿಶ್ ಯಂತ್ರದ ಹೆಂಗಸು ಮುಖ ತಗ್ಗಿಸಿದ್ದು ಕಣ್ಣಿಗೆ ಬಿತ್ತು. ಇಷ್ಟು ವರ್ಷ ತನ್ನನ್ನೇ ಕೋಲು ಮಾಡಿಕೊಂಡು ಈ ಮನುಷ್ಯ ಉಳಿದವರನ್ನು ಬಡಿದಿದ್ದಾನೆ ಎಂಬುದು ಆ ಕ್ಷಣ ಹೊಳೆದು, ಪಿತ್ತ ನೆತ್ತಿಗೇರಿತು.

"ಸಾರ್, ನಾನು ನೀರು ಕುಡೀದೆ ಕೂತಿದ್ದು ನಿಷ್ಠೆಯಿಂದ ಅಲ್ಲ. ನನಗೆ ಗೊತ್ತಾಗ್ತಿರಲಿಲ್ಲ. ನಿಮಗೆ ಗೊತ್ತಾಗ್ತಿತ್ತು. ಇಪ್ಪತ್ತೊಂದು ವರ್ಷ ನನ್ನ ಡಬ್ಬಿ ತುಂಬಿದ ಹಾಗೇ ಮನೆಗೆ ವಾಪಸ್ ಹೋಗೋದು ನೋಡಿದ್ರಿ. ಒಂದಿನ ಊಟ ಮಾಡಮ್ಮ ಅಂದ್ರಾ? ಬಂದವರಿಗೆಲ್ಲ ತೋರಿಸಿದ್ರಿ. ಇನ್ಮೇಲೆ ನನ್ನ ತೋರಿಸಿ ಇವರನ್ನ ಹೆದರಿಸಬೇಡಿ."

ಪ್ಲಾಸ್ಟರ್ ಅಚ್ಚು ಹೊಯ್ಯುವಾತ ಗಂಟಲು ಸರಿಮಾಡಿಕೊಂಡ. "ನಂಗೂ ಹೋದ ವರ್ಷ ಕಿಡ್ನಿಲಿ ಕಲ್ಲಾಗಿತ್ತು ಸಾರ್. ಎದ್ದು ಹೋಗೋಕೆ ಹೆದರಿ ನೀರೇ ಬಿಟ್ಟಿದ್ದೆ."

ಯಜಮಾನರು ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ಮರುದಿನ ಗೋಡೆಗೆ ಚೀಟಿ ಅಂಟಿತು: ಅನಾರೋಗ್ಯದ ಕಾರಣ ಒಬ್ಬರಿಗೆ ಮಾತ್ರ ಫೋನಿನ ಗಂಟೆಗೆ, ಬಿಡುವಿಗೆ ಅನುಮತಿ. ಅವಳು ಅದನ್ನು ಕಿತ್ತು, ಅವರ ಮೇಜಿನ ಮೇಲಿಟ್ಟು, "ಎಲ್ಲರಿಗೂ ಬಿಡುವು ಕೊಡಿ, ಇಲ್ಲಾಂದ್ರೆ ತಿಂಗಳ ಕೊನೆಗೆ ನಾನು ಬರಲ್ಲ," ಎಂದಳು. ಅವಳಂತೆ ಹಲ್ಲು ಕೂರಿಸುವವರು ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎಂಟು ದಿನ ಮಾತು ಬಿಟ್ಟು, ಒಂಬತ್ತನೆಯ ದಿನ ಬೆಳಗ್ಗೆಗೊಂದು, ಮಧ್ಯಾಹ್ನಕ್ಕೊಂದು ಬಿಡುವು ಕೊಟ್ಟರು. ಶೌಚಾಲಯದ ಎಣಿಕೆ ನಿಂತಿತು. ಕ್ಷಮೆ ಮಾತ್ರ ಕೇಳಲಿಲ್ಲ. ಇತ್ತೀಚೆಗೆ ಬಿಡುವೆಲ್ಲ ತಮ್ಮದೇ ಯೋಚನೆಯೆಂದು ಹೇಳಿಕೊಳ್ಳುತ್ತಿದ್ದಾರಂತೆ.

ಅವಳಿಗೆ ಇಂದಿಗೂ ಹಸಿವು ಗೊತ್ತಾಗುವುದಿಲ್ಲ. ಮೊನ್ನೆ ಭಾನುವಾರ ಫೋನು ಚಾರ್ಜಿಲ್ಲದೆ ಆರಿಹೋಗಿತ್ತು. ಅವಳು ಹರಿದ ಪರದೆಗೆ ಹೊಲಿಗೆ ಹಾಕುತ್ತ ಮಧ್ಯಾಹ್ನ ಎರಡು ಗಂಟೆಯಾದರೂ ಕೂತೇ ಇದ್ದಳು. ಅಣ್ಣ ಬಾಗಿಲಲ್ಲಿ ಇಣುಕಿ ಪ್ರೀತಿಯಿಂದಲೇ ಕೇಳಿದ: "ಹಸಿವಾಯ್ತೇನೇ?"

"ಹಾಗೆ ಕೇಳಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ?" ಎಂದು ಅವಳು ಸೂಜಿ ಹಿಡಿದೇ ಸಿಡುಕಿದಳು. "ಗಂಟೆ ಎರಡಾಯ್ತು, ಏಳು, ಊಟ ಮಾಡು ಅನ್ನು."

ಅಣ್ಣ ಗೋಡೆ ಗಡಿಯಾರ ನೋಡಿಕೊಂಡ. "ಸರಿ ತಾಯಿ. ಗಂಟೆ ಎರಡಾಯ್ತು. ಏಳು, ಊಟ ಮಾಡು."

ಅವಳು ದಾರ ಕತ್ತರಿಸಿ ಎದ್ದಳು.